ಶುಕ್ರವಾರದ ಓದು

ಆ ಗುರುವಾರ ರಾಗಿ ಗಂಜಿ ತಳ ಹಿಡಿದಿತ್ತು. ಬೆಳಿಗ್ಗೆ ಹತ್ತಕ್ಕೆ ಮಕ್ಕಳಿಗೆ ಗಂಜಿ ಕೊಡುವುದು ನನ್ನ ಪಾಲಿನ ಕೆಲಸ. ಪಾತ್ರೆ ಒಲೆಯ ಮೇಲಿಟ್ಟು, ಚಿಕ್ಕವರಿಗೆ ಕೂಡುವ ಲೆಕ್ಕ ಹೇಳಿಕೊಡಲು ಹೋದವಳು ಮರೆತುಬಿಟ್ಟೆ. ನಮ್ಮ ಮುಖ್ಯ ಟೀಚರ್ ಮಾಮಾ ಜೋಸೆಫಿನ್ ಸೌಟು ಎತ್ತಿ ಮೂಸಿ ನೋಡಿದರು.

"ವಾರಿಜಾ, ಗಂಜಿಗೆ ಬೀಡಿ ಸೇದೋದು ಯಾರು ಕಲಿಸಿದ್ರು?"

"ನಿಮ್ಮ ಶಾಲೇಲೇ ಕಲೀತು ಮಾಮಾ."

ಮಕ್ಕಳು ಮುಖ ಕಿವಿಚಿಕೊಂಡೇ ಕುಡಿದರು. ಮೂವರು ಎರಡನೇ ಸಲವೂ ಹಾಕಿಸಿಕೊಂಡರು. ಅಕ್ಟೋಬರ್ ಆದರೂ ಸೆಕೆ ಇತ್ತು. ಹತ್ತೂವರೆಗೆ ಕರೆಂಟು ಹೋಯಿತು, ಹನ್ನೊಂದಕ್ಕೆ ಬಂತು. ಒಂದು ಗಂಟೆಗೆ ಶಾಲೆ ಬಿಟ್ಟಾಗ ಮಾಮಾ ಎಂದಿನಂತೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ತಲೆಯನ್ನೂ ಮುಟ್ಟಿ ಕಳಿಸಿದರು. ಕೊನೆಗೆ ಉಳಿದದ್ದು ಫುರಾಹಾ. ಅವಳು ಮೆಟ್ಟಿಲ ಮೇಲೆ ಕೂತು ಶೂ ಕಟ್ಟಿಕೊಳ್ಳುತ್ತಿದ್ದಳು.

"ನಾಳೆ ಫುರಾಹಾ," ಎಂದರು ಮಾಮಾ. ನನಗೆ ಹೇಳಿದ್ದು, ಆದರೆ ಅವಳಿಗೂ ಕೇಳಿಸುವಷ್ಟು ಗಟ್ಟಿಯಾಗಿ.

"ಖಂಡಿತಾನಾ?"

"ನಾನು ಹೇಳಿದ ಮೇಲೆ ಮತ್ತೆ ಖಂಡಿತಾನಾ ಅಂತ ಕೇಳ್ತೀಯಲ್ಲ. ನಾಳೆ ಬೇಗ ಬಾ. ಬೆಲ್ಲ ಸ್ವಲ್ಪ ಜಾಸ್ತಿ ತಾ."

ಫುರಾಹಾ ತಲೆ ಎತ್ತಲಿಲ್ಲ. ಕಟ್ಟಿದ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಎದ್ದು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಹೋದಳು. ಅವಳಿಗೆ ಹದಿನಾಲ್ಕು ವರ್ಷ. ಅವರ ಮನೆಯವರ ಕೆನಡಾದ ಕಾಗದಪತ್ರವೆಲ್ಲ ಮುಗಿದಿತ್ತು, ಯಾವ ದಿನ ಬೇಕಾದರೂ ಹೊರಡಿ ಎಂದು ಕರೆ ಬರಬಹುದಿತ್ತು. ಹೊರಡುವುದರೊಳಗೆ ಅವಳಿಗೆ ಓದು ಬರಬೇಕು ಎಂದು ನಾವಿಬ್ಬರೂ ಜನವರಿಯಿಂದ ಕಾದಿದ್ದೆವು.

ಆ ದಿನ ಬೇರೇನೂ ಆಗಲಿಲ್ಲ. ನಾನು ಮನೆಗೆ ಹೋಗುತ್ತ ಬೆಲ್ಲ ತೆಗೆದುಕೊಂಡೆ.

ಇದನ್ನು ಬರೆಯಲು ಹೇಳಿದ್ದು ಚೈತ್ರಾ. ಮಂಡ್ಯದ ಹುಡುಗಿ, ಗುರುಗ್ರಾಮದ ಒಂದು ಆಫೀಸಿನಲ್ಲಿ ಕೆಲಸ. ಶನಿವಾರಗಳಲ್ಲಿ ಅವಳೂ ಅವಳ ಜೊತೆಯ ಕನ್ನಡದ ನಾಲ್ಕೈದು ಹುಡುಗ ಹುಡುಗಿಯರೂ ನಮ್ಮ ಶಾಲೆಗೆ ಪಾಠ ಮಾಡಲು ಬರುತ್ತಾರೆ. ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾಗದೆ ನಾನು ಬಿಟ್ಟ ಮೇಲೆ ಅವಳು ಮನೆಗೆ ಬಂದು, "ಆಂಟಿ, ನಾವು ಒಂದೊಂದು ತಪ್ಪನ್ನೂ ಹೊಸದಾಗಿ ಕಂಡುಹಿಡೀತಾ ಇದೀವಿ. ನೀವು ಮಾಡಿರೋದನ್ನ ಬರೆದು ಕೊಟ್ಟುಬಿಡಿ, ಟೈಮಾದ್ರೂ ಉಳಿಯತ್ತೆ" ಎಂದಳು. ನಾನು ಓದಿದ್ದು ಪಿಯುಸಿ. ಊರಿಗೆ ಬರೆದ ಕಾಗದ ಬಿಟ್ಟರೆ ಬೇರೆ ಬರೆದವಳಲ್ಲ. ಶಾಲೆಯದು ಸಂಬಳ ತೆಗೆದುಕೊಂಡ ಕೆಲಸವೂ ಅಲ್ಲ. ಆದರೆ ಒಂಬತ್ತು ವರ್ಷ ದಿನಾ ಹೋಗಿದ್ದೇನೆ, ಆದ್ದರಿಂದ ನನಗೆ ಅದೇ ಕೆಲಸ.

ಶಾಲೆ ದಿಲ್ಲಿಯ ಮುನಿರ್ಕಾ ಹಳ್ಳಿಯ ಒಳಗಲ್ಲಿಯಲ್ಲಿತ್ತು. ಒಂದು ಸಣ್ಣ ಪ್ರಾರ್ಥನಾ ಮಂದಿರದ ಹಿಂದಿನ ಕಟ್ಟಡ, ಎರಡನೇ ಮಹಡಿ, ಎರಡು ಕೋಣೆ. ಬಾಡಿಗೆ ಒಂದು ಮಿಷನ್‌ನವರದು. ಮಕ್ಕಳೆಲ್ಲ ಆಫ್ರಿಕಾದವರು. ಕಾಂಗೋ, ಉಗಾಂಡಾ, ಸುಡಾನ್ ಕಡೆಯಿಂದ ಯುದ್ಧಕ್ಕೋ ಇನ್ಯಾವುದಕ್ಕೋ ಹೆದರಿ ಬಂದ ಕುಟುಂಬಗಳವರು. ಬೇರೆ ಶಾಲೆಗೆ ಸೇರಲು ಒಂದಲ್ಲ ಒಂದು ಕಾಗದ ಕಡಿಮೆ ಬೀಳುತ್ತಿದ್ದವರು. ಮಾಮಾ ಜೋಸೆಫಿನ್ ಪೂರ್ವ ಕಾಂಗೋದಲ್ಲಿ ಒಂದು ಸರೋವರದ ಪಕ್ಕದ ಮಿಷನ್ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದವರು. ಊರು ಬಿಟ್ಟು ಓಡಿ ಬಂದ ಮೇಲೆ ಅದೇ ಶಾಲೆಯನ್ನು ಇಲ್ಲಿ ಮತ್ತೆ ಶುರು ಮಾಡಿದರು. ಬೆಳಗಿನ ಹಾಡು, ಉಗುರು ನೋಡುವುದು, ಹತ್ತು ಗಂಟೆಯ ಗಂಜಿ, ಎಲ್ಲ ಅಲ್ಲಿಯಂತೆಯೇ.

ನಾನು ಅಲ್ಲಿಗೆ ಸೇರಿದ್ದು ರಾಗಿಯ ದೆಸೆಯಿಂದ. ನಮ್ಮ ಕಡೆಯ ಸಾಮಾನು ಸಿಗುವ ಅಂಗಡಿಯಲ್ಲಿ ರಾಗಿ ಹಿಟ್ಟಿನ ಪೊಟ್ಟಣ ಹಿಡಿದು ನಿಂತಿದ್ದೆ. ಪಕ್ಕದಲ್ಲಿದ್ದ ಎತ್ತರದ ಹೆಂಗಸೊಬ್ಬರು ಅದನ್ನು ನನ್ನ ಕೈಯಿಂದಲೇ ತೆಗೆದುಕೊಂಡು ಮೂಗಿಗೆ ಹಿಡಿದರು.

"ಇದು ನಮ್ಮದು," ಎಂದರು.

"ಅಲ್ಲ, ನಮ್ಮದು," ಎಂದೆ ನಾನು.

"ನಮ್ಮ ಅಜ್ಜಿ ಇದರಲ್ಲೇ ಗಂಜಿ ಮಾಡ್ತಿದ್ದದ್ದು!"

"ನಮ್ಮಜ್ಜೀನೂ ಇದ್ರಲ್ಲೇ ಮಣ್ಣಿ ಮಾಡ್ತಿದ್ದದ್ದು!"

ಅಂಗಡಿಯವನು, "ಬೆಹೆನ್‌ಜಿ, ಒಳಗಡೆ ಇನ್ನೂ ಒಂದು ಮೂಟೆ ಇದೆ, ಲಡಿಯೇ ಮತ್, ಜಗಳ ಬೇಡ" ಎಂದ. ನಮ್ಮ ಮಾತು ಅರ್ಧ ಇಂಗ್ಲಿಷು, ಅರ್ಧ ಹಿಂದಿ, ಎರಡೂ ಇಬ್ಬರಿಗೂ ಅಷ್ಟಕ್ಕಷ್ಟೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗಂಟು ಬಾರದ ಹಾಗೆ ಗಂಜಿ ತಿರುವುವುದನ್ನು ತೋರಿಸಲು ಮಾರನೆಯ ದಿನ ಶಾಲೆಗೆ ಹೋದೆ. ಗಂಜಿ ಆಗುವಷ್ಟರಲ್ಲಿ ಒಂದು ಮಗುವಿಗೆ ಎಂಟರ ಮಗ್ಗಿ ತಪ್ಪುತ್ತಿತ್ತು, ಹೇಳಿಕೊಟ್ಟೆ. ಮಾಮಾ ನನ್ನ ಕೈಗೆ ಸೀಮೆಸುಣ್ಣ ಕೊಟ್ಟರು.

ಅವರ ಕಡೆ ವಯಸ್ಸಾದ ಹೆಂಗಸರನ್ನೆಲ್ಲ ಮಾಮಾ ಎನ್ನುತ್ತಾರೆ. ಮಕ್ಕಳು ನನ್ನನ್ನೂ ಹಾಗೇ ಕರೆಯತೊಡಗಿದಾಗ ನಮ್ಮ ಯಜಮಾನರಿಗೆ ನಗುವೋ ನಗು. "ಬಾರೋ ಮಾಮ, ಊಟ ಬಡಿಸು" ಎಂದು ಒಂದು ತಿಂಗಳು ಕಾಡಿದರು. ಅವರು ಆಗ ಮಾನೇಸರ್‌ನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಶಾಲೆಗೆ ಗಂಟೆ ಬೇಕು, ಗಂಟೆಯೆಂದರೆ ತಮ್ಮೂರಿನಂತೆ ಲಾರಿ ಚಕ್ರದ ರಿಮ್ಮೇ ಆಗಬೇಕು ಎಂದು ಮಾಮಾ ಹಠ ಹಿಡಿದಾಗ, ಇವರು ಹೆದ್ದಾರಿಯ ಗುಜರಿಯವನಿಂದ ಒಂದು ರಿಮ್ಮನ್ನು ಕೊಂಡು, ಕಂಪನಿ ಬಸ್ಸಿನಲ್ಲಿ ಎಲ್ಲರ ಬೈಗುಳ ತಿನ್ನುತ್ತ ತಂದರು. ಮೊದಲ ದಿನ ಮಾಮಾ ಕಬ್ಬಿಣದ ಸರಳಿನಿಂದ ಅದಕ್ಕೆ ಬಾರಿಸಿದ ಏಟಿಗೆ ಕೆಳಗಿನ ಮನೆಯ ಮಾಲೀಕರು ಹಲ್ಲುಜ್ಜುವ ಬ್ರಶ್ ಬಾಯಲ್ಲಿಟ್ಟುಕೊಂಡೇ ಮೇಲೆ ಬಂದರು. "ಮಾತಾಜಿ, ಏನಿದು, ಭೂಕಂಪಾನಾ?" ಆಮೇಲೆ ಮರದ ಸೌಟಿನಲ್ಲಿ ಒಂದೇ ಏಟು ಎಂದು ಒಪ್ಪಂದವಾಯಿತು.

ನನ್ನ ಮೊದಲ ತಪ್ಪು ತಲೆಯದು. ಮಕ್ಕಳು ಸ್ಲೇಟಿನಲ್ಲಿ ಲೆಕ್ಕ ಮಾಡುವಾಗ ನಾನು ಪಕ್ಕದಲ್ಲಿ ನಿಂತು, ಸರಿಯಿದ್ದರೆ ನಮ್ಮ ಅಭ್ಯಾಸದಂತೆ ತಲೆಯನ್ನು ಆಚೀಚೆ ತೂಗುತ್ತಿದ್ದೆ. ಹೊಸದಾಗಿ ಬಂದ ಮಕ್ಕಳು ಅದನ್ನು ನೋಡಿದ ಕೂಡಲೇ ಉತ್ತರ ಅಳಿಸಿಬಿಡುತ್ತಿದ್ದರು. ಸರಿಯಾದದ್ದನ್ನು ಅಳಿಸಿ ತಪ್ಪು ಬರೆಯುವರು, ನಾನು ಸುಮ್ಮನೆ ನಿಲ್ಲುವೆ, ಅವರಿಗೆ ಸಮಾಧಾನ. ಒಂದು ವಾರ ಇಡೀ ತರಗತಿ ಹಿಂದಕ್ಕೆ ಹೋಯಿತು. ಇನ್ನು ಉಗಾಂಡಾದ ಹುಡುಗಿ ನಕಾಟೊ, ಗೊತ್ತಾಯಿತಾ ಎಂದರೆ ಬಾಯಿ ಬಿಡದೆ ಹುಬ್ಬು ಮಾತ್ರ ಮೇಲೆತ್ತುವಳು. ಏನು ಸೊಕ್ಕು ಎಂದುಕೊಂಡೆ. ಐದು ಸಲ ಅದೇ ಲೆಕ್ಕ ಹೇಳಿಕೊಟ್ಟೆ, ಐದು ಸಲವೂ ಹುಬ್ಬು. ಮಾಮಾ ಗೋಡೆಗೆ ಒರಗಿ ನಗುತ್ತಿದ್ದರು. "ಅವಳು ಆಗಲೇ ಹೌದು ಅಂತ ಐದು ಸಲ ಹೇಳಿದ್ಲು. ನೀನು ಎಲ್ಲರಿಗೂ ಅಲ್ಲ ಅಲ್ಲ ಅಂತ ಇದೀಯ. ಪಾಪ, ಮಕ್ಕಳು ಯಾರನ್ನ ನಂಬಬೇಕು?" ಅಂದಿನಿಂದ ನಾನು ಬಾಯಲ್ಲಿ 'ಸರಿ' ಎನ್ನತೊಡಗಿದೆ. ಚೈತ್ರಾ, ನಿನ್ನ ಜೊತೆಯವರಿಗೆ ಇದನ್ನು ಮೊದಲ ದಿನವೇ ಹೇಳಿಬಿಡು. ತಲೆ ತೂಗಬೇಡಿ.

ಮಿಷನ್‌ನ ಫಾದರ್ ವರ್ಷಕ್ಕೆರಡು ಸಲ ಸಹಾಯ ಮಾಡುವವರನ್ನು ಕರೆದುಕೊಂಡು ಬರುತ್ತಿದ್ದರು. ಬಂದವರು ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯಲು ಹೋದರೆ ಮಾಮಾ, "ಮೊದಲು ಕೂತ್ಕೊಳ್ಳಿ, ಗಂಜಿ ಕುಡೀರಿ" ಎಂದು ಎಲ್ಲರನ್ನೂ ಚಿಕ್ಕವರ ಬೆಂಚಿನಲ್ಲಿ ಕೂರಿಸುವರು. ಕೋಟು ಹಾಕಿದವರ ಮಂಡಿ ಗಲ್ಲಕ್ಕೆ ಬರುತ್ತಿತ್ತು. ಪಕ್ಕದ ಮಗು ಅವರಿಗೆ ಹಿಂದಿಯಲ್ಲಿ, "ಅಂಕಲ್, ಪೂರಾ ಪೀನಾ ಪಡೇಗಾ," ಪೂರ್ತಿ ಕುಡಿಯಲೇಬೇಕು, ಎಂದು ಹೇಳುವುದು. ಲೋಟ ಖಾಲಿಯಾಗುವಷ್ಟರಲ್ಲಿ ಫೋಟೊ ಮರೆತುಹೋಗಿರುತ್ತಿತ್ತು.

ಈ ಕೆಲಸದಲ್ಲಿ ಅಭ್ಯಾಸವಾಗದ ಒಂದು ಸಂಗತಿಯಿದೆ. ಮಕ್ಕಳು ಹೋಗಿಬಿಡುತ್ತಾರೆ. ನಿನ್ನೆ ಭಾಗಾಕಾರ ಕಲಿಯುತ್ತಿದ್ದವನ ಜಾಗ ಇವತ್ತು ಖಾಲಿ. ಅವರ ಅರ್ಜಿ ಪಾಸಾಗಿದೆ, ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಹೋದರು. ನಮಗೆ ಖುಷಿಪಡುವುದು ಬಿಟ್ಟು ಬೇರೆ ದಾರಿಯಿಲ್ಲ. ಹೊರಡುವ ಪ್ರತಿ ಮಗುವಿಗೂ ಮಾಮಾ ತಮ್ಮ ಕೈಯಲ್ಲೇ ಒಂದು ಕಾಗದ ಬರೆದು ಕೊಡುತ್ತಿದ್ದರು. ಅಂಕ ಇರುತ್ತಿರಲಿಲ್ಲ. 'ಇವನಿಗೆ ಕಳೆಯುವುದು ಬರುತ್ತದೆ, ದಶಕ ಎರವಲು ತರುವುದು ಮರೆಯುತ್ತಾನೆ. ಗದ್ದಲದಲ್ಲಿ ಮಾತಾಡುವುದಿಲ್ಲ, ಕಾಯಿರಿ.' ಅಲ್ಲಿನ ಶಾಲೆಯವರು ಆ ಕಾಗದ ನೋಡಿ ಎಲ್ಲಿಂದ ಕಲಿಸಬೇಕೆಂದು ಗೊತ್ತು ಮಾಡುತ್ತಿದ್ದರೆಂದು ಹೋದವರು ಫೋನಿನಲ್ಲಿ ಹೇಳುತ್ತಿದ್ದರು. ಹಾಗಾಗಿ ಮಾಮಾ ಅದರಲ್ಲಿ ಒಂದಕ್ಷರ ಸುಳ್ಳು ಬರೆಯುತ್ತಿರಲಿಲ್ಲ.

ಓದಿನ ವಿಷಯದಲ್ಲಂತೂ ಅವರದು ಒಂದೇ ಕಾನೂನು. ಶುಕ್ರವಾರ ಹನ್ನೆರಡು ಗಂಟೆಗೆ ಎಲ್ಲ ಮಕ್ಕಳೂ ದೊಡ್ಡ ಕೋಣೆಯಲ್ಲಿ ಕೂರಬೇಕು. ಓದಲು ತಯಾರಾದ ಮಗು ಬಾಗಿಲ ಮೆಟ್ಟಿಲ ಮೇಲೆ ನಿಂತು, ಮಾಮಾ ಆಗಷ್ಟೇ ಕೊಟ್ಟ ಪುಟವನ್ನು ಗಟ್ಟಿಯಾಗಿ ಓದಬೇಕು. ಮಾಮಾ ಕಣ್ಣು ಮುಚ್ಚಿ ಕೇಳುವರು. ಪುಟ ಮುಗಿದ ಮೇಲೆ ಕಣ್ಣು ತೆರೆದು "ಕೇಳಿದೆ" ಎನ್ನುವರು. ಅಷ್ಟೇ. ಆ ಮಾತು ಬಂದರೆ ಮಗು ದೊಡ್ಡವರ ಕೋಣೆಗೆ. ಇಡೀ ಶಾಲೆ ಚಪ್ಪಾಳೆ ತಟ್ಟಿ ಹಾಡುವುದು.

ಫುರಾಹಾ ನಮ್ಮ ಶಾಲೆಗೆ ಸೇರಿದ್ದು ಆ ವರ್ಷದ ಜನವರಿಯಲ್ಲಿ. ಹದಿಮೂರು ತುಂಬಿ ಹದಿನಾಲ್ಕು ನಡೆಯುತ್ತಿತ್ತು. ಅದಕ್ಕೆ ಮೊದಲು ಒಂದು ದಿನವೂ ಶಾಲೆಗೆ ಹೋದವಳಲ್ಲ. ಗಲ್ಲಿಯ ಹಿಂದಿ ಮಾತ್ರ ನನಗಿಂತ ಚೆನ್ನಾಗಿತ್ತು. ತರಕಾರಿ ಭಯ್ಯಾ ಟೊಮೇಟೊಗೆ ರೇಟು ಹೇಳಿದರೆ, "ಭಯ್ಯಾ, ನಾನು ಬಂಗಾರ ಕೇಳಲಿಲ್ಲ, ಟೊಮೇಟೊ ಕೇಳಿದ್ದು" ಎಂದು ನನ್ನ ಪರವಾಗಿ ಜಗಳ ಮಾಡುವಳು. ಅಂಥವಳು ಆರು ವರ್ಷದವರ ನಡುವೆ ಕೂತರೆ ಮಂಡಿ ಎಲ್ಲಿಡುವುದೆಂದು ತಿಳಿಯದೆ ಪಕ್ಕಕ್ಕೆ ತಿರುಗಿ ಕೂರುತ್ತಿದ್ದಳು. ನನಗೆ ನೋಡಲಾಗುತ್ತಿರಲಿಲ್ಲ.

ಚಿಕ್ಕವರ ತರಗತಿ ನನ್ನದು. ನಾನು ಕಲಿತದ್ದೂ ಕಲಿಸಿದ್ದೂ ಬಾಯಿಪಾಠ. ಊರಿನ ಶಾಲೆಯಲ್ಲಿ ಮೇಷ್ಟ್ರು ಒಂದು ಸಾಲು ಹೇಳುವುದು, ನಾವೆಲ್ಲ ಒಟ್ಟಿಗೆ ಹೇಳುವುದು. ನಾನೂ ಇಂಗ್ಲಿಷ್ ಪುಸ್ತಕವನ್ನು ಹಾಗೇ ರಾಗವಾಗಿ ಹೇಳಿಸುತ್ತಿದ್ದೆ. ಆ ಮಕ್ಕಳಿಗೆ ಹಾಡು ಒಮ್ಮೆ ಕೇಳಿದರೆ ಸಾಕು, ಫುರಾಹಾಗಂತೂ ಅರ್ಧ ಕೇಳಿದರೆ ಸಾಕು. ಏಪ್ರಿಲ್ ಹೊತ್ತಿಗೆ ಪುಸ್ತಕದ ಯಾವ ಪುಟ ತೆರೆದರೂ ಬೆರಳಿಟ್ಟು ಸರಾಗವಾಗಿ ಓದುತ್ತಿದ್ದಳು. ಅವಳ ಕಣ್ಣು ಅಕ್ಷರದ ಮೇಲಿರದೆ ಚಿತ್ರದ ಮೇಲಿರುವುದನ್ನು ನಾನು ಒಂದೆರಡು ಸಲ ಗಮನಿಸಿದ್ದೆ. ಗಮನಿಸಿಯೂ ಬಿಟ್ಟೆ. ಆ ದಿನಗಳಲ್ಲಿ ಮಾಮಾ ಮನೆ ಬದಲಾಯಿಸುವ ಗಡಿಬಿಡಿಯಲ್ಲಿದ್ದರು, ಎರಡು ಶುಕ್ರವಾರದ ಓದು ನಡೆದಿರಲಿಲ್ಲ.

"ಫುರಾಹಾ ಓದ್ತಾಳೆ ಮಾಮಾ. ದೊಡ್ಡವರ ಜೊತೆ ಕೂರಿಸೋಣ," ಎಂದೆ.

"ನೀನು ಕೇಳಿದೆಯಾ?"

"ಕೇಳಿದೆ."

ನಾನು ಜೊತೆಗಿದ್ದ ಏಳು ವರ್ಷದಲ್ಲಿ ಮಾಮಾ ತಾವು ಕೇಳದೆ ನನ್ನ ಮಾತಿನ ಮೇಲೆ ಮೇಲಕ್ಕೆ ಕಳಿಸಿದ್ದು ಅವಳೊಬ್ಬಳನ್ನೇ.

ಎರಡು ತಿಂಗಳು ಅವಳು ದೊಡ್ಡವರ ಕೋಣೆಯಲ್ಲಿ ಕೂತಳು. ಪಕ್ಕದವರು ಓದುವುದನ್ನು ಕೇಳಿಕೊಂಡು ಒಪ್ಪಿಸುವಳು, ಬೋರ್ಡಿನಲ್ಲಿದ್ದದ್ದನ್ನು ಚಿತ್ರದ ಹಾಗೆ ಬರೆದುಕೊಳ್ಳುವಳು. ಜೂನಿನಲ್ಲಿ ಒಂದು ದಿನ ಮಾಮಾ ಅವಳ ಹಳೆಯ ಪುಸ್ತಕವನ್ನೇ ತೆರೆದು, ಪುಟದ ಕೊನೆಯ ಸಾಲಿನಿಂದ ಮೇಲಕ್ಕೆ ಓದು ಎಂದರು. ಫುರಾಹಾ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು. ಆ ಸೆಕೆಯಲ್ಲಿ ಅವಳು ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಕೊನೆಗೆ ಮಾಮಾ ಅವಳ ಕೈಯಿಂದ ಮೆಲ್ಲಗೆ ಪುಸ್ತಕ ತೆಗೆದುಕೊಂಡು, "ಇದು ಹಾಡು. ಓದು ಬೇರೆ. ನಿನ್ನ ತಪ್ಪಿಲ್ಲ" ಎಂದರು.

ಶಾಲೆ ಬಿಟ್ಟ ಮೇಲೆ ನನ್ನನ್ನು ಕೂರಿಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

"ವಾರಿಜಾ, ನಿಂಗೆ ಅವಳ ಮಂಡಿ ನೋಡೋಕಾಗಲಿಲ್ಲ, ಅಲ್ವಾ?"

ನಾನು ಹೌದೆಂದೆ.

"ಅಲ್ಲಿ ಅವಳನ್ನ ವಯಸ್ಸು ನೋಡಿ ಕೂರಿಸ್ತಾರೆ. ಹದಿನಾಲ್ಕು ವರ್ಷದವಳ ಪಕ್ಕ ಕೂತು ಎ ಬಿ ಸಿ ಹೇಳಿಕೊಡೋಕೆ ಅಲ್ಲಿ ಯಾರಿಗಾದ್ರೂ ಪುರಸೊತ್ತಿದೆಯೋ ಇಲ್ವೋ. ಇಲ್ಲಿ ಅವಳಿಗೆ ನಾವಿಬ್ಬರು ಇದೀವಿ. ಅದಕ್ಕೇ ಚಿಕ್ಕ ಬೆಂಚು."

ಮಾರನೆಯ ದಿನದಿಂದ ಮಾಮಾ ತಾವೇ ಅವಳನ್ನು ಹಿಡಿದರು. ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ದಿನಕ್ಕೊಂದು ಮಾತು ಫುರಾಹಾ ಹೇಳಬೇಕು, ಮಾಮಾ ಅದನ್ನು ಇಂಗ್ಲಿಷಿನಲ್ಲಿ ಬರೆಯುವರು, ಕತ್ತರಿಯಿಂದ ಪದ ಪದ ಕತ್ತರಿಸಿ ಕಲಸಿ ಅವಳ ಮುಂದೆ ಹರಡುವರು. ಅವಳೇ ಜೋಡಿಸಬೇಕು. 'ನನ್ನ ತಮ್ಮನ ಚಪ್ಪಲಿ ನಾಯಿ ಒಯ್ದಿತು.' 'ಮಾಮಾ ವಾರಿಜಾ ಇವತ್ತೂ ಗಂಜಿಗೆ ಉಪ್ಪು ಹಾಕಿದಳು.' ಎರಡನೆಯದನ್ನು ಅವಳು ಬಲು ಬೇಗ ಜೋಡಿಸಿದಳು. ಬಾಯಿಪಾಠಕ್ಕೆ ಆಸ್ಪದವೇ ಇಲ್ಲದ ಆ ಕ್ರಮವನ್ನು ನಾನೂ ಕಲಿತೆ. ನನ್ನ ಚಿಕ್ಕವರಿಗೂ ಹಾಗೇ ಶುರು ಮಾಡಿದೆ. ಈಗ ನೀವು ಟ್ಯಾಬ್ ತಂದು ಮಕ್ಕಳಿಗೆ ಅಕ್ಷರದ ಹಾಡು ಹಾಕುತ್ತೀರಿ. ಬೇಡವೆನ್ನುವುದಿಲ್ಲ, ಮಕ್ಕಳು ಕುಣಿಯುತ್ತಾರೆ. ಆದರೆ ಹಾಡು ಮುಗಿದ ಮೇಲೆ ಕೊನೆಯ ಸಾಲಿನಿಂದ ಒಮ್ಮೆ ಕೇಳಿ ನೋಡಿ.

ಫುರಾಹಾ ಮತ್ತೆ ಚಿಕ್ಕ ಬೆಂಚಿಗೆ ಬಂದಳು. ಒಂದು ತಿಂಗಳು ನನ್ನ ಕಡೆ ನೋಡಲಿಲ್ಲ. ಜುಲೈಯಲ್ಲಿ ಒಂದು ದಿನ ನನ್ನ ಕೈಯಿಂದ ಸೌಟು ತೆಗೆದುಕೊಂಡು, "ಆಪ್ ಬೈಠೋ, ನಿಮಗೆ ತಳ ಹಿಡಿಯುತ್ತೆ" ಎಂದಳು. ಅದನ್ನೇ ಕ್ಷಮೆ ಎಂದುಕೊಂಡೆ. ಚೈತ್ರಾ ಅಲ್ಲಿಗೆ ಬರತೊಡಗಿದ್ದೂ ಆಗಲೇ. ಒಂದು ಶನಿವಾರ ಫುರಾಹಾಳ ತಾಯಿ ಡಬ್ಬಿಯಲ್ಲಿ ಬುಗಾಲಿ ಕಳಿಸಿದ್ದರು. ಚೈತ್ರಾ ಮುಚ್ಚಳ ತೆಗೆದು ಕೂಗಿಕೊಂಡಳು. "ಅಯ್ಯೋ ಆಂಟಿ, ಮುದ್ದೆ! ಬೆಳ್ಳಗಿದೆ ಅಷ್ಟೇ!" ಕರಾವಳಿಯವಳಾದ ನನಗೆ ಅದನ್ನು ನುಂಗಲು ಬಾರದು. ಅವಳೂ ಫುರಾಹಾಳೂ ಯಾರು ಅಗಿಯದೆ ನುಂಗುತ್ತಾರೆಂದು ಪಂದ್ಯ ಕಟ್ಟಿದರು. ಮಾಮಾ ತೀರ್ಪುಗಾರರು. ಮಂಡ್ಯ ಸೋತಿತು.

ಸೆಪ್ಟೆಂಬರಿನಲ್ಲಿ ಅವಳು ಗಲ್ಲಿಯ ಅಂಗಡಿ ಬೋರ್ಡುಗಳನ್ನು ನಿಂತು ನೋಡುವುದು ಕಂಡೆ. ತುಟಿ ಅಲ್ಲಾಡುತ್ತಿತ್ತು. ನಾನು ಹತ್ತಿರ ಹೋದರೆ ನಿಲ್ಲಿಸುವಳು. ಅವಳು ಪದ ಜೋಡಿಸುವಾಗಲೂ ಓದುತ್ತಿದ್ದದ್ದು ಮಾಮಾಗೆ ಮಾತ್ರ ಕೇಳುವ ಹಾಗೆ. ಶುಕ್ರವಾರ ಎಲ್ಲರ ಮುಂದೆ ಎಂದು ಅವರಿಬ್ಬರಲ್ಲಿ ಮಾತಾಗಿತ್ತು. ಅದಕ್ಕೇ ಆ ಗುರುವಾರದ "ನಾಳೆ ಫುರಾಹಾ."

ಶುಕ್ರವಾರ ನಾನು ಬೆಲ್ಲ ಹಿಡಿದುಕೊಂಡು ಎಂಟಕ್ಕೇ ಹೋದೆ. ಬಾಗಿಲಿಗೆ ಬೀಗವಿತ್ತು. ಫುರಾಹಾ ನನಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದಳು, ತಲೆಗೆ ಹೊಸದಾಗಿ ಜಡೆ ಹೆಣೆಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ಎಂಟೂವರೆಯವರೆಗೆ ಕಾದೆವು. ಆಮೇಲೆ ಅವಳ ತಾಯಿ ಗಲ್ಲಿಯ ತುದಿಯಿಂದ ಓಡುತ್ತ ಬಂದರು. ಮಾಮಾ ಬೆಳಿಗ್ಗೆ ಎದ್ದು ನೀರು ಕುಡಿಯಲು ಹೋದವರು ಕುಸಿದರಂತೆ. ಪಕ್ಕದ ಮನೆಯವರು ಆಟೋದಲ್ಲಿ ಕರೆದೊಯ್ದರಂತೆ. ದಾರಿಯಲ್ಲೇ ಹೋಗಿಬಿಟ್ಟಿದ್ದರು.

ಅವರಲ್ಲಿ ಸತ್ತವರ ಮನೆಗೆ ಎಲ್ಲರೂ ಬಂದು ಚಾಪೆ ಹಾಸಿಕೊಂಡು ದಿನಗಟ್ಟಲೆ ಕೂರುತ್ತಾರೆ. ಅಳುತ್ತಾರೆ, ಹಾಡುತ್ತಾರೆ, ಅಲ್ಲೇ ಬೇಯಿಸಿ ಅಲ್ಲೇ ಉಣ್ಣುತ್ತಾರೆ. ಮಾಮಾಗೆ ಇಲ್ಲಿ ಸ್ವಂತದವರಿರಲಿಲ್ಲ, ಆದ್ದರಿಂದ ಪ್ರಾರ್ಥನಾ ಮಂದಿರದಲ್ಲೇ ಕೂತರು. ನಮ್ಮಲ್ಲಿ ಹಾಗಲ್ಲ. ಹೋಗಬೇಕು, ನೋಡಬೇಕು, ನೀರೂ ಮುಟ್ಟದೆ ಮನೆಗೆ ಬಂದು ಸ್ನಾನ ಮಾಡಬೇಕು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಫುರಾಹಾಳ ತಾಯಿ ತಮ್ಮ ಪಕ್ಕ ಚಾಪೆ ಹಾಸಿ, ಕೈಗೆ ಒಂದು ಬಟ್ಟಲು ಕೊಟ್ಟರು. ಕೂತೆ. ತಿಂದೆ. ಸಾವಿನ ಮನೆಯಲ್ಲಿ ನಾನು ಅನ್ನ ಮುಟ್ಟಿದ್ದು ಅದೇ ಮೊದಲು. ಮನೆಗೆ ಫೋನ್ ಮಾಡಿ ಹೇಳಿದಾಗ ನಮ್ಮ ಯಜಮಾನರು, "ನೀನು ಅಲ್ಲೇ ಇರು ಮಾರಾಯ್ತಿ. ನಾನು ಅನ್ನ ಇಟ್ಕೊಳ್ತೇನೆ. ಬದಲಿ ಸೀರೆ ಏನಾದ್ರೂ ತಂದುಕೊಡ್ಲಾ?" ಎಂದರು. ಮೂರು ದಿನ ಕೂತೆ.

ಫುರಾಹಾ ಆ ಮೂರೂ ದಿನ ಒಂದು ಮೂಲೆಯಲ್ಲಿ ಮಕ್ಕಳನ್ನು ನೋಡಿಕೊಂಡಿದ್ದಳು. ಅಳಲಿಲ್ಲ.

ಒಂದು ವಾರದ ಮೇಲೆ ಶಾಲೆ ತೆರೆದೆ. ಶುಕ್ರವಾರ ಹನ್ನೆರಡಕ್ಕೆ ಮಕ್ಕಳನ್ನು ದೊಡ್ಡ ಕೋಣೆಯಲ್ಲಿ ಕೂರಿಸಿದೆ. ಯಾರಾದರೂ ಮಾಡಲೇಬೇಕಿತ್ತಲ್ಲ. ಪುಟ ತೆರೆದು ಫುರಾಹಾ ಎಂದು ಕರೆದೆ. ಅವಳು ಎದ್ದಳು, ಮೆಟ್ಟಿಲವರೆಗೆ ಬಂದು ಪುಸ್ತಕ ತೆಗೆದುಕೊಂಡಳು. ಕುರ್ಚಿಯಲ್ಲಿ ಕೂತ ನನ್ನನ್ನು ನೋಡಿದಳು.

"ಆಜ್ ನಹೀ," ಎಂದಳು.

"ಮುಂದಿನ ವಾರ?"

ಅವಳು ಪುಸ್ತಕವನ್ನು ಎರಡೂ ಕೈಯಲ್ಲಿ ನನಗೆ ವಾಪಸ್ ಕೊಟ್ಟು ಹೋಗಿ ಕೂತಳು. ಹಾಡು ಬೇರೆ ಓದು ಬೇರೆ ಎಂದು ತಿಳಿಯದೆ ಒಮ್ಮೆ "ಕೇಳಿದೆ" ಎಂದಿದ್ದವಳು ನಾನು. ಅವಳು ಹಾಗೆಂದು ಹೇಳಲಿಲ್ಲ. ಅವಳ ಮನಸ್ಸಿನಲ್ಲಿ ಅದಿತ್ತೋ ಇಲ್ಲವೋ, ನನ್ನ ಮನಸ್ಸಿನಲ್ಲಂತೂ ಇತ್ತು. ಆ ಎರಡು ತಿಂಗಳನ್ನು ನಾನು ವ್ಯರ್ಥ ಮಾಡದಿದ್ದರೆ ಅವಳು ಆಗಸ್ಟಿನಲ್ಲೇ ಆ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದಳು. ಆಗ ಮಾಮಾ ಇದ್ದರು.

ಹೊರಡುವ ಕರೆ ನವೆಂಬರಿನಲ್ಲಿ ಬಂತು. ಹನ್ನೆರಡು ದಿನದ ಅವಧಿ. ಫುರಾಹಾಳ ತಾಯಿ ಕಾಗದ ಬರೆಸಲು ಬಂದರು. ಮಗಳು ಅವರ ಹಿಂದೆ ನಿಂತಿದ್ದಳು.

"ಓದ್ತಾಳೆ ಅಂತ ಬರೆದುಬಿಡಿ ಮಾಮಾ ವಾರಿಜಾ. ಅಲ್ಲಿ ದಡ್ಡರ ಜೊತೆ ಕೂರಿಸಿದ್ರೆ ಅವಳು ಹೋಗೋದೇ ಇಲ್ಲ ಅಂತಾಳೆ. ನನ್ನ ಮಗಳು ನನಗೆ ಗೊತ್ತು."

"ಫುರಾಹಾ, ಒಂದೇ ಒಂದು ಸಾಲು ಓದು. ನಾನೊಬ್ಬಳೇ ಕೇಳ್ತೀನಿ. ಬಾಗಿಲು ಹಾಕ್ತೀನಿ," ಎಂದೆ.

ಅವಳು ನೆಲ ನೋಡಿದಳು. "ಮಾಮಾ ಕೇಳ್ತೀನಿ ಅಂದಿದ್ರು," ಎಂದಳು, ಹಿಂದಿಯಲ್ಲಿ. ಅಷ್ಟೇ.

ತಾಯಿ ಸ್ವಾಹಿಲಿಯಲ್ಲಿ ಬೈದರು. ನಾನು ಅವರನ್ನು ತಡೆದೆ. ಅವರನ್ನು ಕಳಿಸಿ ಮಾಮಾ ಅವರ ಮೇಜಿನ ಮುಂದೆ ಕೂತೆ. 'ಓದುತ್ತಾಳೆ' ಎಂದು ಬರೆಯುವುದು ಎಷ್ಟು ಸುಲಭವಿತ್ತು. ನಿಜವೂ ಇರಬಹುದಿತ್ತು. ಮೂರು ಹಾಳೆ ಹರಿದೆ. ಕೊನೆಗೆ ನನಗೆ ಬರುವ ಇಂಗ್ಲಿಷಿನಲ್ಲಿ ಹೀಗೆ ಬರೆದೆ: 'ಫುರಾಹಾ ಓದಲು ತಯಾರಾಗಿದ್ದಾಳೆ ಎಂದು ನಮ್ಮ ಮುಖ್ಯ ಟೀಚರ್ ತೀರಿಕೊಳ್ಳುವ ಹಿಂದಿನ ದಿನ ಹೇಳಿದ್ದರು. ಅವರ ಮಾತು ತಪ್ಪಿದ್ದಿಲ್ಲ. ನಾನು ಸ್ವತಃ ಕೇಳಿಲ್ಲ. ಒಮ್ಮೆ ನಾನು ಕೇಳಿದೆನೆಂದು ತಪ್ಪು ಹೇಳಿದ್ದರಿಂದ ಅವಳಿಗೆ ಎರಡು ತಿಂಗಳು ನಷ್ಟವಾಯಿತು. ಅವಳು ದಡ್ಡಿಯಲ್ಲ. ದಯವಿಟ್ಟು ಯಾರಾದರೂ ಒಬ್ಬರು ದಿನಾ ಸ್ವಲ್ಪ ಹೊತ್ತು ಅವಳ ಪಕ್ಕ ಕೂತು ಕೇಳಿ. ಅವಸರ ಮಾಡಬೇಡಿ.'

ಕಾಗದವನ್ನು ಫುರಾಹಾಳ ಕೈಗೇ ಕೊಟ್ಟೆ. ಅವಳು ಅದನ್ನು ಬಿಡಿಸಿ ನೋಡಿದಳು. ಮೇಲಿನಿಂದ ಕೆಳಗೆ, ನಿಧಾನವಾಗಿ. ಕಣ್ಣು ಸಾಲು ಸಾಲಾಗಿ ಸರಿಯುತ್ತಿತ್ತು, ಅಲ್ಲಲ್ಲಿ ನಿಂತು ಮತ್ತೆ ಹೊರಡುತ್ತಿತ್ತು. ತುಟಿ ಮುಚ್ಚಿತ್ತು. ಮಡಿಸಿ ಅಂಗಿಯ ಒಳಗಿಟ್ಟುಕೊಂಡಳು. ನಾನು ಅವಳ ತಲೆ ಮುಟ್ಟಿ ಕಳಿಸಿದೆ.

ಅದಾದ ಮೇಲೆ ಎರಡು ವರ್ಷ ನಾನೇ ಶಾಲೆ ನಡೆಸಿದೆ. ಈಗ ಮಿಷನ್‌ನವರು ಬೇರೆ ಟೀಚರನ್ನು ನೇಮಿಸಿದ್ದಾರೆ, ಒಳ್ಳೆಯ ಹುಡುಗಿ. ಶುಕ್ರವಾರದ ಓದು ಈಗಲೂ ನಡೆಯುತ್ತದೆ. ನಾನು ನಡೆಸುತ್ತಿದ್ದಾಗ ಕಣ್ಣು ಮುಚ್ಚಿ ಕೇಳಲು ನೋಡಿದ್ದೆ, ಆಗಲಿಲ್ಲ. ನನಗೆ ಮಕ್ಕಳ ಕಣ್ಣು ಎಲ್ಲಿದೆಯೆಂದು ನೋಡಬೇಕು.

ಫುರಾಹಾಳ ತಾಯಿ ಆಗಾಗ ಫೋನ್ ಮಾಡುತ್ತಾರೆ. ಅಲ್ಲಿನ ಶಾಲೆಯಲ್ಲಿ ಒಬ್ಬ ವಯಸ್ಸಾದ ಟೀಚರ್ ನನ್ನ ಕಾಗದ ಓದಿ, ದಿನಾ ಊಟದ ಹೊತ್ತಿನಲ್ಲಿ ಅವಳ ಪಕ್ಕ ಕೂತರಂತೆ. ಈಗ ತಮ್ಮನಿಗೆ ಕತೆ ಓದಿ ಹೇಳುತ್ತಾಳಂತೆ, ಮನೆಗೆ ಬಂದ ಸರಕಾರಿ ಕಾಗದವನ್ನೆಲ್ಲ ಓದುವವಳು ಅವಳೇ ಅಂತೆ. ಹಿಂದೆ ಅವಳ ದನಿ ಕೇಳಿಸುತ್ತದೆ, ತಮ್ಮನಿಗೆ ಹಿಂದಿಯಲ್ಲೇ ಗದರುತ್ತಾಳೆ. ಫೋನಿನಲ್ಲಿ ಒಂದು ಪುಟ ಓದಿಸಿ ಎಂದು ಕೇಳೋಣವೆಂದು ಪ್ರತಿ ಸಲ ಅಂದುಕೊಳ್ಳುತ್ತೇನೆ. ಕೇಳಿಲ್ಲ. ಅವಳಾಗಿ ಓದಿದರೆ ಆಗಲಿ.

ಫುರಾಹಾ ಒಂದು ಪುಟ ಓದುವುದನ್ನು ಮಾಮಾ ಜೋಸೆಫಿನ್ ಕೇಳಲಿಲ್ಲ. ನಾನೂ ಇನ್ನೂ ಕೇಳಿಲ್ಲ.